ಒಲೆಯ ಕೀಲಿ ಯಾರ ಕೈಯಲ್ಲಿ?

ಹಾಲೆಂಡಿನ ಚಳಿಗಾಲದ ಒಂದು ಇಳಿಹೊತ್ತು. ಹೊರಗೆ ಕಾಲುವೆಯ ಮೇಲೆ ಮಂಜು ಕವಿದಿದೆ; ಒಳಗೆ ನಡುಮನೆಯಲ್ಲಿ ಮಕ್ಕಳು ತೆಳುವಾದ ಅಂಗಿ ತೊಟ್ಟು ಆಡುತ್ತಿದ್ದಾರೆ. ಉರಿಯೂ ಇಲ್ಲ, ಹೊಗೆಯೂ ಇಲ್ಲ. ಅಟ್ಟದ ಮೂಲೆಯಲ್ಲಿ ಅಡಗಿರುವ ಅನಿಲದ ಬಾಯ್ಲರು ನೀರನ್ನು ಕಾಯಿಸಿ ಕೋಣೆಕೋಣೆಯ ರೇಡಿಯೇಟರುಗಳಿಗೆ ಹರಿಸುತ್ತದೆ. ನಮ್ಮ ಬಚ್ಚಲಮನೆಯ ಹಂಡೆಯ ನೀರು ಕೊಳವೆಗಳಲ್ಲಿ ಮನೆಯೆಲ್ಲ ಸುತ್ತಿಬರುವುದೆಂದು ಊಹಿಸಿದರೆ ಈ ಏರ್ಪಾಡು ತಿಳಿದೀತು.

ಎಷ್ಟು ಕಾವು ಬೇಕೆಂದು ಹೇಳುವುದು ನಡುಮನೆಯ ಗೋಡೆಯ ಥರ್ಮೋಸ್ಟಾಟಿನ ಕೆಲಸ. ಈ ವಿದ್ಯೆಯ ಹಿರಿಯನೂ ಡಚ್ಚರವನೇ. 17ನೆಯ ಶತಮಾನದ ಪೂರ್ವಾರ್ಧದಲ್ಲಿ ಕೊರ್ನೆಲಿಸ್ ಡ್ರೆಬೆಲ್ ಎಂಬಾತನು ಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯ ಶಾಖ ತಾನಾಗಿಯೇ ಹದದಲ್ಲಿರುವಂತೆ ಮಾಡಿದ್ದನು. ಇಂದು ಅಲ್ಲಿಯ ಅನೇಕ ಮನೆಗಳಲ್ಲಿ ಥರ್ಮೋಸ್ಟಾಟಿಗೂ ಬಾಯ್ಲರಿಗೂ ನಡುವೆ ಇರುವುದು ಎರಡೇ ತಂತಿ. 'ಓಪನ್‌ಥರ್ಮ್' ಎಂಬ ಭಾಷೆಯಲ್ಲಿ ಅವೆರಡೂ ಸೆಕೆಂಡಿಗೊಮ್ಮೆಯಾದರೂ ಮಾತನಾಡುತ್ತವೆ. "ನೀರು 50 ಡಿಗ್ರಿಗೆ ಏರಲಿ" ಎಂದು ಒಂದು ಕೇಳಿದರೆ, "ಆಗಲಿ, ಈಗ 42ಕ್ಕೆ ಬಂದಿದೆ" ಎಂದು ಇನ್ನೊಂದು ಉತ್ತರಿಸುತ್ತದೆ.

ಈ ತಂತಿಯ ನಡುವೆ ಒಂದು ಪುಟ್ಟ ಪೆಟ್ಟಿಗೆಯನ್ನು ಕೂಡಿಸಬಹುದು. ಅದೇ ಗೇಟ್‌ವೇ. ಅದೊಂದು ದುಭಾಷಿ. ಎರಡರ ಸಂವಾದವನ್ನೂ ಆಲಿಸಿ, ಮನೆಯ ಗಣಕಯಂತ್ರಕ್ಕೆ ತಿಳಿಯುವ ಮಾತಿನಲ್ಲಿ ಒಪ್ಪಿಸುತ್ತದೆ; ಗಣಕದ ಕೋರಿಕೆಯನ್ನು ಬಾಯ್ಲರಿಗೆ ಮುಟ್ಟಿಸುತ್ತದೆ. ಕಿಟಕಿ ತೆರೆದಿದ್ದರೆ, ಮನೆಮಂದಿಯೆಲ್ಲ ಹೊರಟುಹೋಗಿದ್ದರೆ ಕಾವು ತಗ್ಗುವಂತೆ ಮಾಡಬಹುದು. ಇದನ್ನೆಲ್ಲ ನಡೆಸುವ 'ಹೋಮ್ ಅಸಿಸ್ಟೆಂಟ್' ಎಂಬ ಉಚಿತ ತಂತ್ರಾಂಶವನ್ನು 2013ರಲ್ಲಿ ಆರಂಭಿಸಿದ ಪೌಲಸ್ ಸ್ಖೌಟ್ಸೆನ್ ಕೂಡ ಡಚ್ಚರವನೇ.

ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಜಾಣ ಥರ್ಮೋಸ್ಟಾಟುಗಳಿರುವಾಗ ಇಷ್ಟು ಶ್ರಮವೇಕೆ ಎಂದು ವಾಚಕರು ಕೇಳಬಹುದು. ಅವುಗಳಲ್ಲಿ ಅನೇಕವು ದೂರದ ಕಂಪನಿಯ ಗಣಕವನ್ನು ನೆಚ್ಚಿಕೊಂಡಿವೆ. ಅಮೆರಿಕದಲ್ಲಿ ಮನೆಯ ಉಪಕರಣಗಳನ್ನು ಒಂದುಗೂಡಿಸುತ್ತಿದ್ದ 'ರಿವಾಲ್ವ್' ಎಂಬ ಪೆಟ್ಟಿಗೆಯ ಸೇವೆಯನ್ನು 2016ರ ಮೇ ತಿಂಗಳಲ್ಲಿ ನಿಲ್ಲಿಸಿಬಿಟ್ಟರು. ಸುಮಾರು 300 ಡಾಲರು ತೆತ್ತು ಕೊಂಡ ವಸ್ತು ನಿರುಪಯುಕ್ತವಾಯಿತು. 2025ರ ಅಕ್ಟೋಬರಿನಲ್ಲಿ ಗೂಗಲ್ ತನ್ನ ಮೊದಲೆರಡು ಪೀಳಿಗೆಯ ನೆಸ್ಟ್ ಥರ್ಮೋಸ್ಟಾಟುಗಳಿಗೆ ಬೆಂಬಲವನ್ನು ಕೊನೆಗಾಣಿಸಿತು. ಗೋಡೆಯ ಮೇಲೆ ಕೈಯಿಂದ ತಿರುಗಿಸಲು ಅಡ್ಡಿಯಿರಲಿಲ್ಲ. ಆದರೆ ಫೋನಿನ ಆಜ್ಞೆಯನ್ನು ಅವು ಪಾಲಿಸದಾದವು.

ಮನೆಯೊಳಗಿನ ಗೇಟ್‌ವೇ ಮನೆಯೊಳಗಿನ ಗಣಕದೊಡನೆಯೇ ಮಾತನಾಡುವಾಗ ಈ ಭಯವಿಲ್ಲ. ಅಂತರ್ಜಾಲ ಕಡಿದರೂ ಕಾವು ಕಡಿಯದು. ಉರಿಯ ಸುರಕ್ಷತೆಯ ಹೊಣೆ ಎಂದಿನಂತೆ ಬಾಯ್ಲರಿನದೇ. ಗೇಟ್‌ವೇ ಕೇವಲ ಕೋರಿಕೆ ಸಲ್ಲಿಸುತ್ತದೆ.

ಆದರೆ ಇದಕ್ಕೂ ಒಂದು ಎಚ್ಚರಿಕೆ ಬೇಕು. ಗಣಕವನ್ನು ಜೋಡಿಸಿದ ಮಗನು ಊರಿನಲ್ಲಿಲ್ಲದ ರಾತ್ರಿ ಅದು ಕೆಟ್ಟರೆ ಮುದಿ ತಾಯಿ ಏನು ಮಾಡಬೇಕು? ಆದುದರಿಂದ ವಿವೇಕಿಗಳು ಹಳೆಯ ಥರ್ಮೋಸ್ಟಾಟನ್ನು ಗೋಡೆಯಿಂದ ಕೀಳುವುದಿಲ್ಲ. ಒಲೆಯ ಕೀಲಿ ಪರದೇಶದ ಕಂಪನಿಯ ಕೈಯಲ್ಲಿರಬಾರದು, ನಿಜ. ಮನೆಯ ಒಬ್ಬ ಜಾಣನ ಕೈಯಲ್ಲಿ ಮಾತ್ರವೇ ಇರುವುದೂ ತರವಲ್ಲ. ಚಳಿಯಾದವರ ಕೈಗೆ ಅದು ಎಟುಕಬೇಕು.