ಮಡಿದವರ ಋಣ: ಹೆಬ್ಬಾಳದ ವೀರಗಲ್ಲು

ಪುಟ್ಟೇನಹಳ್ಳಿಯ ಕೆರೆಗೆ ಬಂದಿಳಿಯುವ ಹಕ್ಕಿಗಳನ್ನು ನೋಡಹೋದವರಿಗೆ ಯಲಹಂಕದ ವಾಯುಸೇನಾ ನೆಲೆಯಿಂದ ಮೇಲೇರುವ ವಿಮಾನಗಳ ಘೋಷ ಅಪರಿಚಿತವಲ್ಲ; ಆದರೆ ಈ ಸೀಮೆಗೆ ಸೈನ್ಯದ ಸಹವಾಸವು ವಿಮಾನಗಳ ಕಾಲದಿಂದ ಮೊದಲಾದುದಲ್ಲವೆಂಬುದಕ್ಕೆ, ಬಳ್ಳಾರಿ ರಸ್ತೆಯಲ್ಲಿ ದಕ್ಷಿಣಕ್ಕೆ ಬಂದರೆ ಸಿಕ್ಕುವ ಹೆಬ್ಬಾಳದಲ್ಲಿ, ಸುಮಾರು ಕ್ರಿ.ಶ. 750ರ ಸಾಕ್ಷಿಯೊಂದು ನಿಂತಿದೆ. ಗಂಗ ದೊರೆ ಶ್ರೀಪುರುಷನು ಆಳುತ್ತಿದ್ದಾಗ, ಅಂದು ಪೆರ್ಬೊಳಲ್‌ ನಾಡೆನಿಸಿದ್ದ ಈ ಪ್ರದೇಶದ ಮೇಲೆ ರಟ್ಟರು, ಎಂದರೆ ರಾಷ್ಟ್ರಕೂಟರು, ಏರಿಬರಲು, ಅವರನ್ನೆದುರಿಸಿ ಕಾದಿ ಮಡಿದ ಕಿತ್ತಯನೆಂಬವನ ವೀರಗಲ್ಲು ಅದು. 2018ರಲ್ಲಿ ನೆಲ ಅಗೆಯುವಾಗ ಬೆಳಕಿಗೆ ಬಂದ ಈ ಕಲ್ಲಿನ ಬರಹವನ್ನು ಬೆಂಗಳೂರಿನಲ್ಲಿ ಇದುವರೆಗೆ ದೊರೆತ ಕನ್ನಡ ಶಾಸನಗಳಲ್ಲಿ ಅತ್ಯಂತ ಪ್ರಾಚೀನವೆಂದು ವಿದ್ವಾಂಸರು ಎಣಿಸಿದ್ದಾರೆ. ಶಾಸನಾಸಕ್ತರು ವಂತಿಗೆ ಕೂಡಿಸಿ ಅದಕ್ಕೊಂದು ಮಂಟಪವನ್ನೂ ಕಟ್ಟಿದರು.

ವೀರಗಲ್ಲನ್ನು ಕೇವಲ ಶಿಲ್ಪವೆಂದು ನೋಡುವುದು ನಮ್ಮ ರೂಢಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ: ಇದು ಬಹುತೇಕ ಕಲ್ಲುಗಳ ಕ್ರಮ. ಆದರೆ ನನಗೆ ಅದರ ನಿಜವಾದ ಮಹತ್ತ್ವವು ಆ ಸ್ವರ್ಗಾರೋಹಣದಲ್ಲಲ್ಲ, ಅದರೊಡನೆ ಅನೇಕ ವೇಳೆ ನಡೆಯುತ್ತಿದ್ದ ಭೂದಾನದಲ್ಲಿ ಕಾಣುತ್ತದೆ. ನೆತ್ತರುಗೊಡಗೆ, ಬಾಳ್ಗಳ್ಚು, ಕಲ್ನಾಡು ಎಂಬ ಹೆಸರುಗಳಿಂದ ಮಡಿದವನ ಮನೆಯವರಿಗೆ ನೆಲವನ್ನು ಬಿಟ್ಟುಕೊಡುವ ವ್ಯವಸ್ಥೆಯೊಂದು ಈ ನಾಡಿನಲ್ಲಿತ್ತು. ತುಂಬೆಪಾಡಿಯ ಯುದ್ಧದಲ್ಲಿ ನಾಗತ್ತರನೆಂಬ ಅಧಿಕಾರಿ ಬಿದ್ದನೆಂದು ಕೇಳಿದ ಗಂಗ ದೊರೆ ಎರೆಯಪನು, ನಾಗತ್ತರ ಪಟ್ಟವನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು, ಎಂದರೆ ಇಂದಿನ ಬೇಗೂರು ಸೀಮೆಯ ಹಳ್ಳಿಗಳನ್ನು, ಕಲ್ನಾಡಾಗಿ ಕೊಟ್ಟುದನ್ನು ಬೇಗೂರಿನ ಪ್ರಸಿದ್ಧ ಶಿಲೆಯೊಂದು ಹೇಳುತ್ತದೆ. ಪ್ರಶಸ್ತಿಯ ಮಾತು ಮುಗಿದ ಬಳಿಕವೂ ಉಣ್ಣುವ ಬಾಯಿಗಳು ಉಳಿದಿರುತ್ತವೆಂಬುದನ್ನು ಆ ಕಾಲದವರು ಬಲ್ಲರು.

ಅದೇ ಬೇಗೂರಿನ, ಸುಮಾರು 890ರ ಇನ್ನೊಂದು ಶಾಸನದಲ್ಲಿ ಬೆಂಗಳೂರು ಕಾಳಗದ ಉಲ್ಲೇಖವಿದೆ. ನಮ್ಮ ನಗರದ ಹೆಸರು ಶಿಲಾಲೇಖದಲ್ಲಿ ಮೊದಲು ಕಾಣಿಸುವುದು ಒಂದು ಸಾವಿನ ವಾರ್ತೆಯೊಳಗೆ.

ಈ ಗೌರವವು ಮನುಷ್ಯರಿಗೆ ಮಾತ್ರ ಮೀಸಲಾಗಿರಲಿಲ್ಲ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲು, 949ರ ತಕ್ಕೋಲದ ಮಹಾಯುದ್ಧವನ್ನು ಪ್ರಸ್ತಾಪಿಸಿ, ಹಂದಿಯೊಡನೆ ಸೆಣಸಿ ಸತ್ತ ಕಾಳಿಯೆಂಬ ನಾಯಿಯನ್ನು ಸ್ಮರಿಸುತ್ತದೆ. ಆ ಕಲ್ಲಿನ ಪೂಜೆಗೂ ಭೂಮಿ ಬಿಟ್ಟಿದೆ, ಪೂಜಿಸದೆ ಉಂಡವನಿಗೆ ಪಾಪವೆಂಬ ಎಚ್ಚರಿಕೆಯೂ ಇದೆ. ತಕ್ಕೋಲದಲ್ಲಿ ಬಿದ್ದ ಅಸಂಖ್ಯ ಕಾಲಾಳುಗಳಿಗೆ ಇಷ್ಟು ದೊರೆಯಿತೆಂದು ನಂಬುವುದು ಕಷ್ಟ.

ಮತ್ತು ಆಯುಧವನ್ನೇ ಹಿಡಿಯದವರ ಗತಿ? ಊರಳಿವು, ತುರುಗೊಳ್‌, ಪೆಂಡಿರುಡೆಯುರ್ಚು: ಊರು ಸುಟ್ಟುದು, ಗೋವುಗಳು ಹೋದುದು, ಹೆಣ್ಣುಮಕ್ಕಳ ಮಾನಕ್ಕೆ ಕೈಯಿಕ್ಕಿದುದು ಇವೆಲ್ಲ ಶಾಸನಗಳಲ್ಲಿ ಬರುತ್ತವೆ, ಆದರೆ ವೀರನ ಮರಣಕ್ಕೆ ಕಾರಣವಾಗಿ ಮಾತ್ರ. ಸುಟ್ಟ ಊರಿನವರ ಹೆಸರನ್ನು ಕಲ್ಲುಗಳು ಹೇಳುವುದಿಲ್ಲ. ಮಾಸ್ತಿಕಲ್ಲುಗಳು ಪತಿಯೊಡನೆ ಸತ್ತವಳನ್ನು ಪೂಜಿಸಿದುವೇ ಹೊರತು, ಬದುಕಿ ಮಕ್ಕಳನ್ನು ಸಾಕಿದವಳನ್ನಲ್ಲ. ವೀರಗಲ್ಲುಗಳನ್ನು ಎಷ್ಟೇ ಆದರಿಸಿದರೂ ಈ ಕೊರತೆಯನ್ನು ಮುಚ್ಚಿಡಲಾಗದು.

ಮಡಿದ ಯೋಧರನ್ನು ಕಲ್ಲಿನಲ್ಲಿ ನೆನೆಯುವ ರೂಢಿ ಈಚಿನ ಕಾಲಕ್ಕೂ ಬಂದಿದೆ: ಆರ್.ಟಿ. ನಗರದ ನೆರೆಯ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್‌ ದಳದ ಸ್ಮಾರಕವಿದೆ. 1918ರ ಸೆಪ್ಟೆಂಬರ್‌ 23ರಂದು ಜೋಧಪುರದ ಅಶ್ವಸೈನಿಕರೊಡನೆ ಹೈಫಾ ನಗರವನ್ನು ತುರ್ಕರಿಂದ ಗೆದ್ದವರು ಈ ದಳದವರು. ಆ ಹೈಫಾದ ಹೆಸರು ಇಂದಿಗೂ ಯುದ್ಧವಾರ್ತೆಗಳಲ್ಲಿ ಕೇಳಿಬರುತ್ತಿರುವಾಗ, ಈ ಸ್ಮಾರಕದ ಪಕ್ಕದಲ್ಲಿಯೇ, ಯಾವ ಪಕ್ಷಕ್ಕೂ ಸೇರದೆ ಸತ್ತವರ ಹೆಸರಿನಲ್ಲಿಯೂ ಒಂದು ಕಲ್ಲನ್ನು ನಿಲ್ಲಿಸಲು ನಮ್ಮ ನಗರಾಡಳಿತಕ್ಕೆ ಮನಸ್ಸಾದೀತೇ ಎಂದು ಕೇಳಬೇಕೆನಿಸುತ್ತದೆ. ಕಡೆಯಬಲ್ಲ ಶಿಲ್ಪಿಗಳಿಗಾಗಿ ದೂರ ಹೋಗಬೇಕಾಗಿಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಅವರು ಇಂದಿಗೂ ಉಳಿ ಹಿಡಿದಿದ್ದಾರೆ.