ದಾಂಡೇಲಿ ಬಿಟ್ಟು ನವಲಗುಂದದ ಬಸ್ಸಿಗೆ

ಮಳೆ ಹಿಡಿಯಿತೆಂದರೆ ನಮ್ಮ ಹುಬ್ಬಳ್ಳಿ ಮಂದಿ ದಾಂಡೇಲಿ, ಜೋಗ ಅಂತ ಓಡುತ್ತಾರೆ. ನಾನು ನವಲಗುಂದದ ಬಸ್ ಹತ್ತುತ್ತೇನೆ. ಅಲ್ಲಿ ನೋಡುವಂಥದ್ದೆಲ್ಲ ಸೂರಿನ ಕೆಳಗೇ ಇದೆ. ಹೊರಗಿರುವ ಎರೆಮಣ್ಣು ಮಾತ್ರ ಚಪ್ಪಲಿಯನ್ನು ತಾನಿಟ್ಟುಕೊಂಡು ಕಾಲನ್ನಷ್ಟೇ ಬಿಡುತ್ತದೆ. ಬೆಣ್ಣಿಹಳ್ಳ ತುಂಬಿ ಹರಿಯುವ ದಿನ ಈ ದಾರಿಯ ಸಹವಾಸ ಬೇಡ.

ನವಲಗುಂದದಲ್ಲಿ ಜಮಖಾನ ನೇಯುವವರು ಹೆಣ್ಣುಮಕ್ಕಳೇ. ಆದಿಲಶಾಹಿ ಕಾಲದಲ್ಲಿ ವಿಜಯಪುರದಿಂದ ಬಂದ ಕಸುಬು ಎನ್ನುತ್ತಾರೆ. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ; ನೇಯುವ ಕೈಗಳು ಮಾತ್ರ ಕೆಲವೇ ಉಳಿದಿವೆ. ಮಗ್ಗ ನೆಟ್ಟಗೆ ನಿಂತಿರುತ್ತದೆ, ಲಾಳಿಯ ಓಟವಿಲ್ಲ. ಒಂದೊಂದು ಬಣ್ಣದ ನೂಲನ್ನೂ ಅದರದರ ಜಾಗದಷ್ಟಕ್ಕೇ ಬೆರಳಿನಿಂದ ತೂರಿಸಿ, ಹಿಂದಕ್ಕೆ ತಿರುಗಿಸಿ, ಕಬ್ಬಿಣದ ಪಂಜಾದಿಂದ ಬಡಿಯುತ್ತಾರೆ. ಹೊಕ್ಕು ಎಷ್ಟು ಬಿಗಿಯಾಗಿ ಕೂರುತ್ತದೆಂದರೆ ಹಾಸಿನ ಎಳೆ ಕಣ್ಣಿಗೇ ಬೀಳದು. ಇಂಥ ನೇಯ್ಗೆಯಲ್ಲಿ ದುಂಡಗಿನ ಗೆರೆ ಸುಲಭಕ್ಕೆ ಬರುವುದಿಲ್ಲ. ಹಾಗಾಗಿ ನವಿಲಿನ ಕತ್ತೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಪಗಡೆಯ ಚೌಕಗಳಿಗೆ ಆ ತಾಪತ್ರಯವೇ ಇಲ್ಲ, ಅದಕ್ಕೇ ಅದು ಇಲ್ಲಿನ ಪೇಟೆಂಟು ವಿನ್ಯಾಸದ ಹಾಗಾಗಿದೆ. ಜಮಖಾನವನ್ನು ಕೊಂಡೊಯ್ದು ಗೋಡೆಗೆ ನೇತುಹಾಕುವವರನ್ನು ಕಂಡರೆ ನನಗೆ ಸಿಟ್ಟು. ಮಗ್ಗದ ಮುಂದಿದ್ದ ಅಕ್ಕನೂ ಅದನ್ನೇ ಅಂದಳು: "ಹಾಸ್ರೀ ಅಕ್ಕಾರ, ಮೊಮ್ಮಕ್ಕಳ ಮದವಿ ತನಕಾ ಏನೂ ಆಗಂಗಿಲ್ಲ."

ಅಷ್ಟರಲ್ಲಿ ಹಸಿವು. ಮಿರ್ಚಿ ಬಿಸಿಯಿದ್ದರೆ ಸಾಕು, ಗಿರಮಿಟ್ಟಿಗೆ ಮಾತ್ರ ಜಾಣತನ ಬೇಕು. ಹುಣಸೆ-ಬೆಲ್ಲದ ಒಗ್ಗರಣೆ ಗೊಜ್ಜಿಗೆ ಚುರಮುರಿ, ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ ಬೀಳುತ್ತದೆ. ಥಂಡಿ ಹವೆಗೆ ಚುರಮುರಿ ಮೊದಲೇ ಮೆತ್ತಗಾಗಿರುತ್ತದೆ. ಕೂತ ಮೇಲೆಯೇ ಕಲಸಲು ಹೇಳಿ, ಕಲಸಿದ ಕೂಡಲೇ ತಿನ್ನಿ.

ನವಲಗುಂದ ಆಯಿತೆಂದರೆ ಅಣ್ಣಿಗೇರಿಗೆ ಹೋಗಿ; ಅದು ಕವಿ ಪಂಪನ ಊರು. ಸುಮಾರು 1050ರ ಅಮೃತೇಶ್ವರ ಗುಡಿಗೆ 76 ಕಂಬಗಳು; ಎಷ್ಟು ಮಳೆ ಬಂದರೂ ಒಳಗೆ ಓಡಾಡಿಕೊಂಡಿರಬಹುದು. ಹಳೆಯ ಚಾಲುಕ್ಯ ಗುಡಿಗಳ ಮರಳುಗಲ್ಲು ಇಲ್ಲಿಲ್ಲ, ಇರುವುದು ಬಳಪದ ಕಲ್ಲು. ಮೆದು ಕಲ್ಲು, ಸಣ್ಣ ಉಳಿಗೂ ಮಾತು ಕೇಳುತ್ತದೆ. ಗೋಡೆಯ ಮೇಲಿನ ಪುಟ್ಟ ಪುಟ್ಟ ಶಿಖರಗಳನ್ನು ಹತ್ತಿರ ಹೋಗಿ ನೋಡಿ.

ಇನ್ನೊಂದು ಮಳೆಯ ದಿನಕ್ಕೆ ಕುಂದಗೋಳ; ಅಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ. ಗಾಯಕ ಸವಾಯಿ ಗಂಧರ್ವರ ಊರದು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಅವರಲ್ಲಿ ಪಾಠ ಹೇಳಿಸಿಕೊಂಡರು, ಭೀಮಸೇನ ಜೋಶಿ ಇಲ್ಲೇ ಉಳಿದು ಕಲಿತರು. ನಾಡಗೀರ ವಾಡೆಯ ಸಂಗೀತೋತ್ಸವದ ದಿನ ನೋಡಿಕೊಂಡು ಹೋದರೆ ಬಂದದ್ದಕ್ಕೂ ಸಾರ್ಥಕ.

ಕೊನೆಗೆ ಕಲಘಟಗಿ, ಮಲೆನಾಡಿನ ಸೆರಗು. ಅಲ್ಲಿ ಮಳೆ ಬಿಟ್ಟೂ ಬಿಡದೆ ಹೊಡೆಯುತ್ತದೆ. ಊರಿನ ಹೆಸರು ಉಳಿದಿರುವುದು ತೊಟ್ಟಿಲಿನಿಂದ. ಸಾಗವಾನಿಯ ಹಲಗೆಗಳ ಮೇಲೆ ಅರಗಿನ ಬಣ್ಣದಲ್ಲಿ ಕೃಷ್ಣನ ಬಾಲಲೀಲೆ, ರಾಮಾಯಣ. ನಟ ಅಂಬರೀಷ್ ಯಶ್ ದಂಪತಿಯ ಕೂಸಿಗೆಂದು ಹೇಳಿ ಮಾಡಿಸಿದ್ದು ಇಲ್ಲಿಯ ತೊಟ್ಟಿಲೇ. ಆಗಿನಿಂದ ಬೆಂಗಳೂರಿನವರಿಗೂ ಇದರ ಪರಿಚಯ. ಆದರೆ ಹೋದ ದಿನವೇ ಹೊತ್ತು ತರುವ ಸರಕಲ್ಲ ಇದು, ಕೆತ್ತನೆಗೂ ಬಣ್ಣಕ್ಕೂ ತಿಂಗಳುಗಟ್ಟಲೆ ಹಿಡಿಯುತ್ತದೆ. ಮನೆಯಲ್ಲಿ ಸೊಸೆಗೆ ಮೂರು ತಿಂಗಳು ತುಂಬಿದ್ದರೆ ಈ ಮಳೆಯಲ್ಲೇ ಹೋಗಿ ಮುಂಗಡ ಕೊಟ್ಟು ಬನ್ನಿ.