ಕೋಲಾಟದಲ್ಲಿ ಮೆದುಳಿಗೂ ಕೆಲಸ

ಕೋಲಾಟವನ್ನು ಪರದೆಯ ಮೇಲೆ ನೋಡುವಾಗ ಬಣ್ಣ, ಹಾಡು ಎದ್ದು ಕಾಣುತ್ತವೆ. ಆಡುವವರ ಮೆದುಳು ಹಾಕುವ ಲೆಕ್ಕ ಮಾತ್ರ ಕ್ಯಾಮೆರಾಕ್ಕೆ ಸಿಗುವುದಿಲ್ಲ. ತಾಳ ಕೇಳಬೇಕು, ಮುಂದಿನ ಹೆಜ್ಜೆ ನೆನಪಿಡಬೇಕು, ಎದುರಿನವರ ಕೋಲು ಬರುವ ಹೊತ್ತಿಗೆ ತಮ್ಮ ಕೋಲನ್ನೂ ಅಲ್ಲಿಗೆ ತರಬೇಕು, ತಿರುಗುವಾಗ ಆಯ ತಪ್ಪಬಾರದು. ಜಡೆ ಕೋಲಾಟದಲ್ಲಂತೂ ಮೇಲಿನಿಂದ ಇಳಿಬಿಟ್ಟ ಹಗ್ಗಗಳನ್ನು ಕುಣಿಯುತ್ತಲೇ ಹೆಣೆದು, ಬಂದ ದಾರಿಯಲ್ಲೇ ಹಿಂದಿರುಗಿ ಬಿಚ್ಚಬೇಕು. ಒಬ್ಬರು ತಪ್ಪಿದರೆ ಎಲ್ಲರಿಗೂ ಸಿಕ್ಕು!

ಆರೋಗ್ಯಕ್ಕೆಂದು ಹಿಂದೆ ಯಾರೂ ಕೋಲು ಹಿಡಿದವರಲ್ಲ. ಹಬ್ಬದ ಸಂಭ್ರಮಕ್ಕೆ, ದೇವರ ಸೇವೆಗೆ ಆಡಿದರು. ಕೈಕೈ ಹಿಡಿದು ಸಾಲಾಗಿ ಕುಣಿಯುವವರು ಮಧ್ಯಪ್ರದೇಶದ ಭೀಮ್‌ಬೆಟ್ಕಾದ ಪ್ರಾಚೀನ ಗುಹಾಚಿತ್ರಗಳಲ್ಲೂ ಇದ್ದಾರೆ.

ನ್ಯೂಯಾರ್ಕಿನಲ್ಲಿ 75 ದಾಟಿದ 469 ಮಂದಿಯನ್ನು ಹಲವು ವರ್ಷ ಗಮನಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ನಡಿಗೆ, ಈಜು, ಸೈಕಲ್ ಸವಾರಿ ಮೊದಲಾದ ದೈಹಿಕ ಚಟುವಟಿಕೆಗಳನ್ನು ಹೋಲಿಸಿದಾಗ, ಮರೆಗುಳಿತನದ ಕಾಯಿಲೆಯ ಸಾಧ್ಯತೆ ಸ್ಪಷ್ಟವಾಗಿ ಕಡಿಮೆ ಕಂಡದ್ದು ನೃತ್ಯದಲ್ಲಿ ಮಾತ್ರ. ಹಾಗೆಂದು ನೃತ್ಯವೇ ಕಾರಣವೆನ್ನಲಾಗದು. ಬುದ್ಧಿ ಚುರುಕಾಗಿ ಉಳಿದವರೇ ಕುಣಿಯಲು ಹೋಗಿರಬಹುದು. ಆದರೆ ಸಮತೋಲನ ಕಲಿಸುವ ವ್ಯಾಯಾಮದಿಂದ ವೃದ್ಧರು ಬೀಳುವುದು ತಗ್ಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿದೆ. ಬಿದ್ದು ಸೊಂಟದ ಮೂಳೆ ಮುರಿದರೆ ಏನಾಗುತ್ತದೆಂದು ಅನೇಕ ಮನೆಗಳಿಗೆ ಗೊತ್ತು.

ಆದರೂ ಅಜ್ಜಿ ಕೋಲು ಹಿಡಿದರೆ, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಮೂಲೆಯಲ್ಲಿ ಕೂರಿಸುತ್ತೇವೆ. ಮಂಡಿನೋವು, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿ, ನೆಗೆತ ಬಿಟ್ಟು, ನಿಧಾನದ ತಾಳಕ್ಕೆ ಆಡಬಹುದು. ನೆಲ ಜಾರುವಂತಿರಬಾರದು. ತಲೆ ಸುತ್ತಿದರೆ, ಎದೆ ಹಿಡಿದಂತಾದರೆ ಹಾಡು ಮುಗಿಯಲೆಂದು ಕಾಯದೆ ಕೂಡಲೇ ನಿಲ್ಲಿಸಬೇಕು.